ಅವರ ಹೊತ್ತು, ನಮ್ಮ ಹೊತ್ತು

ಜನವರಿ ೯

ಫ್ಯೂಸ್ ಮಾಮನವರಿಗೆ ನಮಸ್ಕಾರ.

ಮೊನ್ನೆ ಫೋನ್ ಮಾಡಿದ್ದವಳು ನಾನೇ. ನೀವು ‘ಯಾರು, ಯಾರು’ ಎಂದು ಕೂಗಿ ಕೊನೆಗೆ ‘ನಮಗೇನೂ ಬೇಡ’ ಎಂದು ಇಟ್ಟುಬಿಟ್ಟಿರಿ. ಬ್ರೆಡ್ ಒಲೆಗಳಿಗೆ ವೈರಿಂಗ್ ಮಾಡುತ್ತಾ ಅವುಗಳ ಫ್ಯಾನಿನ ಪಕ್ಕದಲ್ಲೇ ಆಯುಷ್ಯ ಕಳೆದು ನಿಮ್ಮ ಕಿವಿ ಕೈಕೊಟ್ಟಿದೆ ಎಂದು ಅಪ್ಪ ಹೇಳಿದ್ದು ಆಮೇಲೆ ನೆನಪಾಯಿತು. ಅದಕ್ಕೇ ಈ ಕಾಗದ. ನಾನು ನಿಮ್ಮ ಗೆಳೆಯರ ದೊಡ್ಡ ಮಗಳು.

ಅಪ್ಪ ಹೋಗಿ ಮೂರು ತಿಂಗಳಾಯಿತು. ಬ್ರೆಡ್ ಕಾರ್ಖಾನೆಗೆ ಒಲೆ ಕೂರಿಸಲು ನಿಮ್ಮ ಜೊತೆ ಹೊರಟವರು ವಿಮಾನದ ಸರಕಿನ ಜೊತೆ ವಾಪಸು ಬಂದರು. ನೀವು ಅಲ್ಲೇ ಉಳಿದು ಕೆಲಸ ಮುಗಿಸಿಯೇ ನೀವಿರುವ ದೇಶಕ್ಕೆ ಮರಳಿದಿರಿ ಎಂದು ಕಂಪನಿಯವರು ಹೇಳಿದರು. ಅಪ್ಪನೂ ಅದನ್ನೇ ಹೇಳುತ್ತಿದ್ದರು. “ಒಲೆ ಅರ್ಧಕ್ಕೆ ಬಿಟ್ರೆ ಆ ಊರಿಗೆ ಬ್ರೆಡ್ ಯಾರು ಕೊಡ್ತಾರೆ?”

ನಾವೆಲ್ಲ ಹೇಗೋ ಇದ್ದೇವೆ. ನಾನು, ನಮ್ಮನೆಯವರು, ಮಕ್ಕಳು ಎಲ್ಲ ಅಮ್ಮನ ಜೊತೆಯಲ್ಲೇ. ಬಸ್ ಓಡಿಸುವ ತಮ್ಮ ಎರಡು ಬೀದಿ ಆಚೆ. ನಾನು ಔಷಧಿ ಅಂಗಡಿಗೆ ಹೋಗಿ ಬರುತ್ತೇನೆ. ಹೊಟ್ಟೆ ಬಟ್ಟೆಗೆ ಯೋಚನೆಯಿಲ್ಲ. ಯೋಚನೆಯೆಲ್ಲ ಅಮ್ಮನದು.

ನಮ್ಮ ಮನೆಯಲ್ಲಿ ದಿನಕ್ಕೊಂದು ಸಲ ಪ್ರಾರ್ಥನೆ. ಅಪ್ಪ ಇರಲಿ, ಇಲ್ಲದಿರಲಿ, ಜ್ವರ ಬರಲಿ, ನೆಂಟರು ಬರಲಿ, ಮುಂದಿನ ಕೋಣೆಯಲ್ಲಿ ಚಾಪೆ ಹಾಸಬೇಕು, ಎಲ್ಲರೂ ಕೂರಬೇಕು, ಅಮ್ಮ ಹಾಡಬೇಕು. ನನಗೆ ಬುದ್ಧಿ ಬಂದಾಗಿನಿಂದ ಅದು ತಪ್ಪಿದ್ದು ಕಂಡಿಲ್ಲ. ಅಪ್ಪ ಹೋದ ಸುದ್ದಿ ಬಂದ ದಿನದಿಂದ ಅಮ್ಮ ಚಾಪೆ ಬಿಚ್ಚಿಲ್ಲ. ನಾವೇ ಕೂರುತ್ತೇವೆ ಎಂದರೆ ಅಡಿಗೆಮನೆಗೆ ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಾಳೆ. ಊಟ ಅರ್ಧಕ್ಕಿಳಿದಿದೆ, ಮಾತು ಅದಕ್ಕಿಂತ ಕಡಿಮೆ. ಹೋದ ವಾರ ನಾನು ಜಗಳಕ್ಕೇ ನಿಂತೆ. ಆಗ ಬಾಯಿಬಿಟ್ಟಳು.

“ಅವತ್ತು ನಿಮ್ಮಪ್ಪ ಪ್ರಾರ್ಥನೆಗೆ ಮುಂಚೇನೇ ಹೋಗ್ಬಿಟ್ರು ಕಣೇ. ಅವ್ರಿಗೆ ಸಂಜೆ ಆಗ್ಲೇ ಇಲ್ಲ. ನಾವಿಲ್ಲಿ ಕೂತು ಹಾಡಿದ್ವಲ್ಲ, ಆವಾಗ ಅವ್ರಿರ್ಲಿಲ್ಲ. ಅವ್ರಿಲ್ದೆ ಹಾಡಿದ್ದು ಅದೊಂದೇ ದಿನ. ಇನ್ನೊಂದು ದಿನ ನನ್ನ ಕೈಲಿ ಆಗಲ್ಲ.”

ಕೊನೆಯ ದಿನ ಜೊತೆಗಿದ್ದವರು ನೀವು. ಅವತ್ತು ಅಪ್ಪನ ಪ್ರಾರ್ಥನೆ ಆಗಿತ್ತೇ, ಇಲ್ಲವೇ? ನಿಮಗೆ ದೇವರು ಗೀವರು ಇಲ್ಲವೆಂದು ಅಪ್ಪ ನಗುತ್ತಾ ಹೇಳುತ್ತಿದ್ದರು. ಇದನ್ನು ದೇವರ ವಿಷಯ ಎಂದುಕೊಳ್ಳದೆ ಅಮ್ಮನ ವಿಷಯ ಎಂದುಕೊಂಡು ಬರೆಯಿರಿ. ಅವಳು ದಿನಾ ಅಂಚೆಯವನ ದಾರಿ ಕಾಯುತ್ತಿದ್ದಾಳೆ.

ಇತಿ,
ನಿಮ್ಮ ಗೆಳೆಯರ ದೊಡ್ಡ ಮಗಳು


ಜನವರಿ ೩೦

ದೊಡ್ಡವಳೇ,

ಫೋನಿನಲ್ಲಿ ಹಾಗಂದೆ ಎಂದು ಬೈದುಕೊಂಡೆಯೋ ಏನೋ. ದಿನಕ್ಕೆ ನಾಲ್ಕು ಜನ ಏನಾದರೂ ಮಾರಲು ಫೋನ್ ಮಾಡುತ್ತಾರೆ. ನನ್ನ ಕಿವಿಗೆ ಎಲ್ಲರೂ ಒಂದೇ ಥರ ಗುಂಯ್ ಅನ್ನುತ್ತಾರೆ. ಕಾಗದವೇ ವಾಸಿ.

ಮೊದಲು ನಿನ್ನ ಪ್ರಶ್ನೆ. ಆಗಿತ್ತು. ಈ ಸಾಲನ್ನು ನಿಮ್ಮಮ್ಮನಿಗೆ ಓದಿ ಹೇಳಿ ಬಾ, ಉಳಿದದ್ದು ಆಮೇಲೆ ಓದುವೆಯಂತೆ. ಅವತ್ತು ಬೆಳಿಗ್ಗೆ, ಕೆಲಸ ಶುರುವಾದ ಸ್ವಲ್ಪ ಹೊತ್ತಿಗೆಲ್ಲ, ಎಂದಿನಂತೆ ಹಿಟ್ಟಿನ ಮೂಟೆಗಳ ಹಿಂದೆ ಹೋದ. ಪ್ರಾರ್ಥನೆ ಮುಗಿಸಿ ಮೊಣಕಾಲು ಬೆಳ್ಳಗೆ ಮಾಡಿಕೊಂಡು ಬಂದ. ಎದೆ ಹಿಡಿದುಕೊಂಡು ಕುಸಿದದ್ದು ಮಧ್ಯಾಹ್ನದ ಮೇಲೆ. ಹೆಚ್ಚು ನರಳಲಿಲ್ಲ.

‘ಸಂಜೆ ಆಗಲೇ ಇಲ್ಲ’ ಎಂದು ನಿಮ್ಮಮ್ಮ ಯಾಕೆ ಹೇಳಿದರೋ ನನಗೆ ತಿಳಿಯಲಿಲ್ಲ. ಅವನಿಗೆ ಸಂಜೆ ಅಂದರೆ ನಿಮ್ಮ ಮನೆಯ ಸಂಜೆ, ಆ ಊರಲ್ಲಿ ಆಗ ಬೆಳಿಗ್ಗೆ. ಯಾವ ದೇಶಕ್ಕೆ ಹೋದರೂ ಅವನ ಕೈಗಡಿಯಾರ ನಿಮ್ಮ ಮನೆಯ ಹೊತ್ತನ್ನೇ ತೋರಿಸಬೇಕು, ಮುಳ್ಳು ಮುಟ್ಟಲು ಬಿಡುತ್ತಿರಲಿಲ್ಲ. ಹೆಂಡತಿ ಮಕ್ಕಳು ಕೂತಾಗ ತಾನೂ ಕೂರಬೇಕು, ಅದು ಅವನ ಹಟ. ಪೂರ್ವದ ಊರುಗಳಲ್ಲಿ ನಿದ್ದೆ ಕಟ್ಟಿ ಕಾದು ಕೂರುತ್ತಿದ್ದ. ಪಶ್ಚಿಮದ ಊರುಗಳಲ್ಲಿ ಕೆಲಸದ ನಡುವೆ ಮಂಗಮಾಯ. ನಾನು ವೈರಿಂಗ್ ಬಿಟ್ಟು, ಟೆಸ್ಟರ್ ಹಿಡಿದು ಮೂಟೆಗಳ ಮುಂದೆ ದಾರಿಗೆ ಅಡ್ಡ ನಿಲ್ಲುತ್ತಿದ್ದೆ. ಯಾರಾದರೂ ಬಂದರೆ “ಕರೆಂಟ್ ಇದೆ, ಹತ್ರ ಬರ್ಬೇಡಿ” ಎನ್ನುವುದು. ಫಿಟ್ಟರ್ ಎಲ್ಲಿ ಎಂದರೆ “ಚಿಮಣಿ ನೋಡ್ತಿದ್ದಾರೆ” ಎನ್ನುವುದು. ನಿಮ್ಮಪ್ಪ ನೋಡಿದಷ್ಟು ಚಿಮಣಿಯನ್ನು ಲೋಕದಲ್ಲಿ ಇನ್ಯಾರೂ ನೋಡಿರಲಾರರು. ಒಂದು ಊರಲ್ಲಂತೂ ಒಲೆ ಹಚ್ಚುವ ಸಮಾರಂಭ. ಮಾಲೀಕ ತನ್ನ ಅತ್ತೆಯನ್ನು ಸಿಂಗರಿಸಿ ಕರೆತಂದಿದ್ದಾನೆ, ಆಕೆ ಗುಂಡಿ ಒತ್ತಬೇಕು. ಫಿಟ್ಟರ್ ನಾಪತ್ತೆ. ಪಾಪ, ಮುದುಕಿ ಬೆರಳು ಚಾಚಿಕೊಂಡೇ ನಿಂತಿದ್ದಳು. ಆ ಮಾಲೀಕ ಆಮೇಲೆ, ಚಿಮಣಿಯ ಮೇಲೆ ಇಷ್ಟು ಕಾಳಜಿ ಇರುವ ಮನುಷ್ಯನನ್ನು ನೋಡಿಯೇ ಇಲ್ಲ ಎಂದು ಕಂಪನಿಗೆ ಹೊಗಳಿ ಬರೆದ.

ಕಿವಿ ನೆಟ್ಟಗಿದ್ದ ಕಾಲದಲ್ಲಿ ಅವನ ಪ್ರಾರ್ಥನೆ ನನಗೂ ಕೇಳಿಸುತ್ತಿತ್ತು. ತನಗೆ ಅಂತ ಏನೂ ಕೇಳುತ್ತಿರಲಿಲ್ಲ. ನಿಮ್ಮೆಲ್ಲರ ಸುದ್ದಿ ಹೇಳುತ್ತಿದ್ದ. ದೊಡ್ಡವಳಿಗೆ ಲೆಕ್ಕ ತಲೆಗೆ ಹತ್ತುತ್ತಿಲ್ಲ, ಚಿಕ್ಕವನಿಗೆ ಕೆಮ್ಮು, ಮನೆಯವಳಿಗೆ ಸೊಂಟನೋವು. ದೇವರು ಬೇರೆ ಊರಿನವನು, ಅವನಿಗೆ ಇವೆಲ್ಲ ಗೊತ್ತಿಲ್ಲ ಎಂಬಂತೆ.

ಅಷ್ಟು ದೇಶ ಸುತ್ತಿದ ಮನುಷ್ಯ ಕಂಡದ್ದು ಮೂರೇ ಜಾಗ. ಕಾರ್ಖಾನೆ, ಅಂಚೆ ಕಚೇರಿ, ಚಪ್ಪಲಿ ಅಂಗಡಿ. ನಿಮ್ಮ ಪಾದ ಇಟ್ಟು ಗೆರೆ ಎಳೆದ ಹಾಳೆಗಳು ಪೆಟ್ಟಿಗೆಯಲ್ಲಿರುತ್ತಿದ್ದವು. ಅಂಗಡಿಯವರ ಮುಂದೆ ಅವನ್ನು ಹರಡಿ ಕೂತರೆ ನನಗೆ ನಾಚಿಕೆ. ಅವನು ಊರು ಮುಟ್ಟುವ ಹೊತ್ತಿಗೆ ನಿಮ್ಮ ಕಾಲು ಬೆಳೆದಿರುತ್ತಿತ್ತಂತೆ. ಆದರೂ ಬುದ್ಧಿ ಕಲಿಯಲಿಲ್ಲ.

ಅಮ್ಮ ಹಾಡಿದರೆ ಒಂದು ಸಾಲು ಬರೆ.

ಫ್ಯೂಸ್


ಫೆಬ್ರವರಿ ೨೦

ಮಾಮ,

ಅಮ್ಮ ಹಾಡಿಲ್ಲ. ನಾನು ನಿಮ್ಮ ಕಾಗದವನ್ನು ಅವಳಿಗೆ ಓದಿ ಹೇಳಿಲ್ಲ. ಆ ಒಂದು ಸಾಲನ್ನೂ ಹೇಳಿಲ್ಲ.

ಅಂಚೆ ಬಂದಾಗ ಅವಳು ಬಾಗಿಲಲ್ಲೇ ಇದ್ದಳು, ಕೈಯಲ್ಲಿ ಕನ್ನಡಕ ಇರಲಿಲ್ಲ. ನಾನು ಒಡೆದು ಓದಿಕೊಂಡೆ. ಎರಡನೇ ಪುಟಕ್ಕೆ ಬರುವಾಗ ಕಾಗದ ಮಡಚಿಬಿಟ್ಟೆ. “ಏನಂತೆ?” ಎಂದಳು. “ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಕಣಮ್ಮ, ನಿಧಾನಕ್ಕೆ ಓದ್ತೀನಿ” ಎಂದು ಅಂಗಡಿಗೆ ಓಡಿದೆ. ಕಾಗದ ಅಲ್ಲೇ ಕೆಮ್ಮಿನ ಔಷಧಿಯ ಸಾಲಿನ ಹಿಂದೆ ಇದೆ. ದಿನಾ ಕೇಳುತ್ತಾಳೆ, ದಿನಾ ಒಂದು ನೆಪ ಹೇಳುತ್ತೇನೆ.

ಯಾಕೆಂದು ಕೇಳಿ. ಅಪ್ಪ ಮೊದಲ ಸಲ ಹೊರದೇಶಕ್ಕೆ ಹೊರಟಾಗ ನಾನು ತೊಟ್ಟಿಲಲ್ಲಿದ್ದೆ. “ದಿನಾ ಸಂಜೆ ಜೊತೇಲೇ ಕೂರೋಣ” ಎಂದು ಇಬ್ಬರೂ ಮಾತಾಡಿಕೊಂಡರಂತೆ. ಸಂಜೆ ಅಂದರೆ ಅಪ್ಪನ ಸಂಜೆ ಎಂದು ಅಮ್ಮ ತಿಳಿದಳು. ಅವರು ಪರಸ್ಥಳದಲ್ಲಿ ಒಬ್ಬರೇ, ದುಡಿದು ಬಂದು ಕೈಕಾಲು ತೊಳೆದು ನೆಮ್ಮದಿಯಾಗಿ ಕೂರಲಿ, ಮನೆಯಲ್ಲಿರುವವರು ನಾವು ಹೊಂದಿಕೊಂಡರಾಯಿತು ಎಂದು. ಪ್ರತಿ ಸಲ ಪಕ್ಕದ ಮನೆಯ ಮೇಷ್ಟ್ರನ್ನು ಕೇಳಿ ಅವರ ಸಂಜೆಗೆ ನಮ್ಮಲ್ಲಿ ಎಷ್ಟು ಹೊತ್ತು ಎಂದು ತಿಳಿದುಕೊಳ್ಳುತ್ತಿದ್ದಳು. ಅಪ್ಪ ಪಶ್ಚಿಮಕ್ಕೆ ಹೋದರೆ ನಮ್ಮನ್ನು ಬೆಳಕು ಹರಿಯುವ ಮೊದಲೇ ಎಬ್ಬಿಸುವುದು. ಪೂರ್ವಕ್ಕೆ ಹೋದರೆ ಶಾಲೆಯಿಂದ ಬಂದ ಕೂಡಲೇ, ಬಾಯಿಗೊಂದು ತುತ್ತು ಹಾಕುವ ಮೊದಲೇ ಚಾಪೆ. ತಮ್ಮ ನನ್ನ ತೊಡೆಯ ಮೇಲೆ ಜೊಲ್ಲು ಸುರಿಸಿಕೊಂಡು ಮಲಗಿಬಿಡುತ್ತಿದ್ದ. “ಅಲ್ಲಿ ಅಪ್ಪ ಈಗಷ್ಟೇ ಕೂತಿದ್ದಾರೆ, ನೀನು ಗೊರಕೆ ಹೊಡೀತೀಯಾ?” ಎಂದು ಅಮ್ಮ ಅವನ ಬೆನ್ನಿಗೊಂದು ಕೊಡುತ್ತಿದ್ದಳು. “ಅಪ್ಪಂಗೆ ಹೇಳ್ಬೇಡಿ ಮತ್ತೆ, ಮಕ್ಕಳ ನಿದ್ದೆ ಕೆಡತ್ತೆ ಅಂತ ಗೊತ್ತಾದ್ರೆ ನಿಲ್ಸು ಅಂತಾರೆ” ಎಂದೂ ಹೇಳಿಟ್ಟಿದ್ದಳು. ನಾವು ಹೇಳಲಿಲ್ಲ. ಅಪ್ಪ ಬಂದ ಮೇಲೆ ಹೇಗೂ ಎಲ್ಲರಿಗೂ ಒಂದೇ ಸಂಜೆ.

ನಿಮ್ಮ ಕಾಗದ ಓದಿದ ಮೇಲೆ ತಿಳಿಯಿತು. ಅಪ್ಪ ದೂರದಲ್ಲಿದ್ದಷ್ಟು ದಿನ ಅವರಿಬ್ಬರೂ ಒಮ್ಮೆಯೂ ಒಟ್ಟಿಗೆ ಕೂತಿಲ್ಲ. ‘ನಿನ್ನೆಯೂ ನಿಮ್ಮ ಜೊತೆಯಲ್ಲೇ ಕೂತಿದ್ದೆ’ ಎಂದು ಅಪ್ಪ ಬರೆದರೆ ಅಮ್ಮ ಆ ಕಾಗದವನ್ನು ಕೆನ್ನೆಗೆ ಒತ್ತಿಕೊಳ್ಳುತ್ತಿದ್ದಳು, ಮಾಮ. ಈಗ ಆ ಕೊನೆಯ ದಿನವನ್ನು ಅವಳಿಗೆ ಕೊಡಲು ಹೋದರೆ ಉಳಿದ ಅಷ್ಟೂ ದಿನವನ್ನು ಕಿತ್ತುಕೊಂಡ ಹಾಗೆ. ಬೆಳಿಗ್ಗೆ ಆಯಿತು ಎಂದರೆ ‘ಬೆಳಿಗ್ಗೆ ಯಾಕೆ?’ ಎಂದು ಕೇಳದೆ ಬಿಡುವವಳಲ್ಲ.

ತಮ್ಮ ಒಂದು ಉಪಾಯ ಹೇಳಿದ. “ಅವತ್ತು ಮಾತ್ರ ಯಾಕೋ ಬೆಳಿಗ್ಗೇನೇ ಮಾಡ್ಬಿಟ್ಟ, ಸೂಚನೆ ಸಿಕ್ಕಿತ್ತೋ ಏನೋ ಅಂತ ಮಾಮನ ಕೈಲಿ ಬರೆಸು. ಎರಡೂ ಉಳಿಯತ್ತೆ.” ನನಗೂ ಅದೇ ಸರಿ ಅನ್ನಿಸುತ್ತಿದೆ. ಬರೆದುಕೊಡುತ್ತೀರಾ? ನಿಮ್ಮ ಕಾಲಿಗೆ ಬೀಳುತ್ತೇನೆ.

ಇತಿ,
ದೊಡ್ಡವಳು


ಮಾರ್ಚ್ ೧೪

ದೊಡ್ಡವಳೇ,

ಬರೆದುಕೊಡುವುದಿಲ್ಲ.

ನಿನ್ನ ಕಾಗದ ಓದಿ ಮೊದಲು ನಕ್ಕೆ. ಕೆಳಗಿನ ಅಂಗಡಿಯ ದರ್ಜಿ ಮೇಲೆ ಹತ್ತಿ ಬಂದು ಏನಾಯಿತು ಎಂದು ಕೇಳುವಷ್ಟು ನಕ್ಕೆ. ಅವನಿಗೆ ಹೇಳಲು ಹೋಗಿ ಅತ್ತುಬಿಟ್ಟೆ. ಈ ವಯಸ್ಸಿನಲ್ಲಿ ದರ್ಜಿಯ ಮುಂದೆ ಅಳುವ ಗತಿ ತಂದವರು ನಿಮ್ಮಪ್ಪ, ನಿಮ್ಮಮ್ಮ.

ನಿನಗೆ ಗೊತ್ತಿಲ್ಲದ ಮಾತು ಹೇಳುತ್ತೇನೆ. “ಮಾಲೀಕರು ಬೈತಾರೆ, ಹೊತ್ತನ್ನ ಆಚೆ ಈಚೆ ಮಾಡ್ಕೊಳ್ಳೋಣ ಅಂತ ಮನೆಗೆ ಬರಿ” ಎಂದು ನಾನೇ ಎಷ್ಟೋ ಸಲ ಹೇಳಿದ್ದೆ. “ಬೇಡ ಮಾರಾಯ” ಅನ್ನುತ್ತಿದ್ದ. “ನಂಗೆ ತೊಂದ್ರೆ ಅಂತ ಗೊತ್ತಾದ್ರೆ ಅವಳು ಮಕ್ಕಳನ್ನ ಕತ್ತಲಲ್ಲಿ ಎಬ್ಬಿಸಿ ಕೂರಿಸ್ತಾಳೆ. ಚಿಕ್ಕ ಮಕ್ಕಳು, ಪಾಪ ಮಲಗ್ಲಿ.”

ಎಂಥ ಗಂಡ, ಎಂಥ ಹೆಂಡತಿ. ಇವರಿಗೆ ನೋವಾಗುತ್ತದೆ ಎಂದು ಅವರು ಮುಚ್ಚಿಟ್ಟರು, ಅವರಿಗೆ ನೋವಾಗುತ್ತದೆ ಎಂದು ಇವರು ಮುಚ್ಚಿಟ್ಟರು. ಈಗ ನಿಮ್ಮಮ್ಮನಿಗೆ ನೋವಾಗುತ್ತದೆ ಎಂದು ಮೂರನೆಯವಳಾಗಿ ನೀನು ಹೊರಟಿದ್ದೀಯ, ನಾಲ್ಕನೆಯವನಾಗಿ ನನ್ನನ್ನು ಎಳೆಯುತ್ತಿದ್ದೀಯ. ಚಿಮಣಿಯ ಸುಳ್ಳು ಮಾಲೀಕರಿಗೆ ಹೇಳಿದ್ದು, ಅದರ ಮೇಲೆ ನನಗೆ ಒಂದಿಷ್ಟೂ ಬೇಸರವಿಲ್ಲ. ಆ ಹೆಂಗಸಿಗೆ ಸುಳ್ಳು ಹೇಳಲಾರೆ. ಅಷ್ಟು ವರ್ಷ ಕತ್ತಲಲ್ಲಿ ಎದ್ದು ಕೂತವಳಿಗೆ ಗಂಡ ಎಂಥವನಾಗಿದ್ದ ಎಂದು ತಿಳಿಯುವ ಹಕ್ಕಿದೆ.

ಇನ್ನೊಂದು. ಮೂಟೆಗಳ ಹಿಂದಿನಿಂದ ಎದ್ದು ಬಂದ ಮೇಲೆ ಅವನು ಸುಮ್ಮನಿರುತ್ತಿರಲಿಲ್ಲ. “ಇವತ್ತು ಚಿಕ್ಕೋನು ನಗ್ತಾ ಇದ್ದ, ಅವರಮ್ಮ ಕಣ್ಣು ಬಿಟ್ಲು” ಎಂದು ಕಂಡವನ ಹಾಗೆ ಹೇಳುತ್ತಿದ್ದ. ಅದನ್ನೂ ಓದಿ ಹೇಳು. ಎರಡೂ ಕಾಗದ ಓದು. ಅಳಲಿ, ಬಯ್ಯಲಿ. ಪಾತ್ರೆ ತೊಳೆಯುತ್ತಾ ಕೂರುವುದಕ್ಕಿಂತ ಮೇಲು.

ಫ್ಯೂಸ್


ಏಪ್ರಿಲ್ ೬

ಮಾಮ,

ಹೇಳಿದೆ. ಭಾನುವಾರ ತಮ್ಮನೂ ಬಂದಿದ್ದ, ಅಮ್ಮ ಅಡಿಗೆಮನೆಯಲ್ಲಿ ಕೂತು ನುಗ್ಗೆಸೊಪ್ಪು ಬಿಡಿಸುತ್ತಿದ್ದಳು. ಎದುರಿಗೆ ಕೂತು ಎರಡೂ ಕಾಗದ ಓದಿದೆ. ಅವಳ ಕೈ ನಿಲ್ಲಲಿಲ್ಲ. ಚಪ್ಪಲಿ ಅಂಗಡಿಯ ಮಾತು ಬಂದಾಗ ಒಂದು ಸಲ ನಕ್ಕಳು. ನನ್ನ ಕೆಂಪು ಬೂಟು ತಮ್ಮನಿಗೆ ಹೋಗಿ ಅವನು ಶಾಲೆಯಲ್ಲಿ ಪಟ್ಟ ಪಾಡು ಅವಳಿಗೆ ನೆನಪಾಗಿರಬೇಕು. ಓದಿ ಮುಗಿಸಿದೆ.

“ಅಂದ್ರೆ ಅವ್ರು ಕೂತಾಗ ನಾವು ಕೂತಿರ್ಲಿಲ್ಲ.”

“ಇಲ್ಲಮ್ಮ.”

“ನಾವು ಕೂತಾಗ ಅವ್ರಿರ್ಲಿಲ್ಲ.”

“ಇಲ್ಲ.”

ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ತಮ್ಮ ನನ್ನನ್ನು ತಿಂದುಬಿಡುವ ಹಾಗೆ ನೋಡಿದ. ಅವತ್ತು ಮನೆಯಲ್ಲಿ ಯಾರಿಗೂ ಅನ್ನ ಇಳಿಯಲಿಲ್ಲ. ತಪ್ಪು ಮಾಡಿದೆ ಎಂದೇ ಅನ್ನಿಸಿತು, ನಿಮ್ಮ ಮೇಲೂ ಸಿಟ್ಟು ಬಂತು.

ಮಾರನೆಯ ಬೆಳಿಗ್ಗೆ ಬೈಗುಳ ಕೇಳಿ ಎಚ್ಚರವಾಯಿತು. ಅಮ್ಮ ಅಪ್ಪನ ಫೋಟೋದ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. “ಒಂದು ಮಾತು ಕೇಳೋಕೆ ಏನಾಗಿತ್ತು ನಿಮಗೆ? ಬಾಯಲ್ಲಿ ಏನಿಟ್ಕೊಂಡಿದ್ರಿ?” ಆಮೇಲೆ ನನ್ನ ಸರದಿ, ಕಾಗದ ಬಚ್ಚಿಟ್ಟಿದ್ದಕ್ಕೆ. ಆಮೇಲೆ ತಮ್ಮನದು, ಉಪಾಯ ಹೇಳಿಕೊಟ್ಟದ್ದಕ್ಕೆ. ಮೇಷ್ಟ್ರು ಬದುಕಿಲ್ಲ, ಬಚಾವಾದರು. ನಮ್ಮನೆಯವರು ಈ ವಾರವಿಡೀ ಅಡಿಗೆಮನೆಯ ಕಡೆ ತಲೆ ಹಾಕಿಲ್ಲ.

ಆದರೆ ಮಾಮ, ಊಟ ಪೂರ್ತಿ ಮಾಡುತ್ತಿದ್ದಾಳೆ. ಬಯ್ಯಲು ಶಕ್ತಿ ಬೇಡವೇ? ಚಾಪೆಯನ್ನು ಮಾತ್ರ ಇನ್ನೂ ಮುಟ್ಟಿಲ್ಲ. ನಿಮ್ಮ ಕಾಗದಗಳನ್ನು ನನ್ನಿಂದ ಇಸಿದುಕೊಂಡು ಒಬ್ಬಳೇ ಓದುತ್ತಿರುತ್ತಾಳೆ. ನಿನ್ನೆ ನಿಮ್ಮ ವಿಳಾಸ ಕೇಳಿದಳು, ಪೆನ್ನು ಕೇಳಿದಳು. ಗಟ್ಟಿಮನಸ್ಸು ಮಾಡಿಕೊಂಡಿರಿ.

ಇತಿ,
ದೊಡ್ಡವಳು


ಏಪ್ರಿಲ್ ೨೮

ಫ್ಯೂಸಣ್ಣನವರಿಗೆ,

ಬೈಗುಳದ ಕಾಗದ ಎಂದುಕೊಂಡು ಹೆದರಿ ತೆರೆದಿದ್ದರೆ ನೀರು ಕುಡಿದು ಮುಂದೆ ಓದಿ. ಬಯ್ಯಬೇಕಾದವರು ಕೈಗೆ ಸಿಗದ ಕಡೆ ಹೋಗಿ ಕೂತಿದ್ದಾರೆ.

ಸಿಟ್ಟು ಬಂದದ್ದು ನಿಜ. ಮಕ್ಕಳ ನಿದ್ದೆ ಹಾಳು ಮಾಡಿದೆ. ಮಗ ತರಗತಿಯಲ್ಲಿ ತೂಕಡಿಸಿ ಏಟು ತಿಂದು ಬರುತ್ತಿದ್ದ. ಅಲ್ಲಿ ಅವರು ಕಳ್ಳನ ಹಾಗೆ ಮೂಟೆಗಳ ಸಂದಿಯಲ್ಲಿ ಕೂರುತ್ತಿದ್ದರು. ಇಬ್ಬರಲ್ಲಿ ಒಬ್ಬರು ಕೇಳಿದ್ದರೆ ಸಾಕಿತ್ತು. ಈಗ ಎಷ್ಟು ಬಡಿದಾಡಿದರೂ ಅಷ್ಟೇ. ಆದರೆ ಅವತ್ತಿನ ದಿನ ಅವರ ಪ್ರಾರ್ಥನೆ ಆಗಿತ್ತು ಎಂದು ಬರೆದಿರಲ್ಲ, ಅಷ್ಟರಮಟ್ಟಿಗೆ ನನ್ನ ಎದೆಯ ಭಾರ ಇಳಿಯಿತು. ಅದಕ್ಕೆ ನಿಮ್ಮ ಋಣ ದೊಡ್ಡದು.

ನಾನು ಬರೆಯಲು ಕೂತದ್ದು ಬೇರೆ ಮಾತಿಗೆ. ಟೆಸ್ಟರ್ ಹಿಡಿದು ದಾರಿಗೆ ಅಡ್ಡ ನಿಲ್ಲುತ್ತಿದ್ದೆ ಎಂದು ಬರೆದಿದ್ದೀರಿ. ನಗಿಸಲು ಬರೆದಿರಿ, ಮಕ್ಕಳು ನಕ್ಕರು. ನನಗೆ ಆ ಸಾಲು ದಾಟಲು ಆಗಲಿಲ್ಲ. ಆ ಹೊತ್ತಿನಲ್ಲಿ ಅವರು ಒಬ್ಬರೇ ಇಲ್ಲ, ನಾವಿದ್ದೇವೆ ಎಂದುಕೊಂಡೇ ನಾನು ಅಷ್ಟು ವರ್ಷ ಧೈರ್ಯವಾಗಿದ್ದೆ. ನಾವಿರಲಿಲ್ಲ. ನೀವಿದ್ದಿರಿ. ನಂಬಿಕೆಯಿಲ್ಲದ ಮನುಷ್ಯ, ಕೈಕೆಲಸ ಬಿಟ್ಟು, ಮಾಲೀಕರ ಬಾಯಿಗೆ ಸಿಕ್ಕು, ಊರೂರಲ್ಲೂ ನಿಂತಿರಿ. ನನ್ನ ಪಕ್ಕದಲ್ಲಿ ಗೊರಕೆ ಹೊಡೆಯುವ ಎರಡು ಮಕ್ಕಳಾದರೂ ಇದ್ದವು. ಅವರ ಪಕ್ಕದಲ್ಲಿ ನೀವಿಲ್ಲದಿದ್ದರೆ ಯಾರಿರುತ್ತಿದ್ದರು?

ಚಾಪೆ ಹಾಸಬೇಕು ಎಂದು ಮನಸ್ಸಾಗಿದೆ. ಆದರೆ ಯಾವ ಹೊತ್ತಿಗೆ? ಈ ಮನೆಯಲ್ಲಿ ಪ್ರಾರ್ಥನೆಯ ಹೊತ್ತನ್ನು ನಾನು ಎಂದೂ ನನಗಾಗಿ ಇಟ್ಟುಕೊಂಡವಳಲ್ಲ. ಮನೆಯವರಲ್ಲಿ ಯಾರು ದೂರದಲ್ಲಿದ್ದಾರೋ ಅವರ ಹೊತ್ತೇ ನಮ್ಮ ಹೊತ್ತು. ಯೋಚನೆ ಮಾಡಿ ನೋಡಿದೆ. ಈಗ ಮನೆಯವರಲ್ಲಿ ದೂರ ಇರುವವರು ನೀವೊಬ್ಬರೇ.

ನಾನು ನಿಮ್ಮ ಮನೆಯವನಲ್ಲ ಎಂದು ಬರೆಯಬೇಡಿ, ಆ ಕಾಗದ ನಾನು ಓದುವುದಿಲ್ಲ. ದೇವರನ್ನು ನಂಬಿ ಎಂದೂ ನಾನು ಹೇಳುತ್ತಿಲ್ಲ. ನಿಮಗೆ ಯಾವ ಹೊತ್ತು ಅನುಕೂಲ ಎಂದು ಮಾತ್ರ ತಿಳಿಸಿ. ಕಾಲು ಗಟ್ಟಿಯಿದ್ದರೆ ಒಂದು ಸಲ ಬಂದು ಹೋಗಿ. ಮಗನೂ ಹಾಡುತ್ತಾನೆ. ನಿಮ್ಮ ಕಿವಿ ಕೇಳದಿರುವುದು ಆಗ ಅನುಕೂಲವೇ.

ಇತಿ,
ಅತ್ತಿಗೆ


ಮೇ ೧೯

ಅತ್ತಿಗೆ,

ನನಗೆ ಯಾವ ಹೊತ್ತು ಅನುಕೂಲ ಎಂದು ಕೇಳಿದವರು ಈಚೆಗೆ ಯಾರೂ ಇಲ್ಲ. ಡಾಕ್ಟರೂ ಅಷ್ಟೆ, ಬ್ಯಾಂಕಿನವರೂ ಅಷ್ಟೆ, ಇಷ್ಟು ಹೊತ್ತಿಗೆ ಬಾ ಎನ್ನುತ್ತಾರೆ. ಅದಕ್ಕೇ ಉತ್ತರ ಬರೆಯಲು ನಾಲ್ಕು ದಿನ ಹಿಡಿಯಿತು.

ದೇವರ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಬದಲಾಗುವ ಲಕ್ಷಣವೂ ಕಾಣುತ್ತಿಲ್ಲ.

ಏಳು ಗಂಟೆಗೆ ಇಟ್ಟುಕೊಳ್ಳಿ. ಏಳು ಅಂದರೆ ನಿಮ್ಮ ಗೋಡೆಯ ಮೇಲಿನ ಏಳು. ಯಾವ ಮೇಷ್ಟ್ರನ್ನೂ ಕೇಳಲು ಹೋಗಬೇಡಿ, ಯಾರನ್ನೂ ಎಬ್ಬಿಸಬೇಡಿ. ನಾನಿರುವ ದೇಶದ ಗಡಿಯಾರ ನಿಮ್ಮದಕ್ಕಿಂತ ಹಿಂದೆ, ಇಲ್ಲಿ ಆಗ ಐದೂವರೆ. ಐದೂವರೆಗೆ ನಾನು ಪಾರ್ಕಿಗೆ ಹೋಗುವವನು. ಇನ್ನು ಮೇಲೆ ಮೊದಲು ಬೆಂಚಿನ ಮೇಲೆ ಒಂದಿಷ್ಟು ಹೊತ್ತು ಕೂತು ಆಮೇಲೆ ಸುತ್ತು ಹಾಕಬೇಕಾಗುತ್ತದೆ. ಜೊತೆಯವರು ನನ್ನನ್ನು ಬಿಟ್ಟು ಮುಂದೆ ಹೋಗುತ್ತಾರೆ. ಅದು ನನಗೆ ಸ್ವಲ್ಪ ತೊಂದರೆಯೇ. ಬಾಯಿಬಿಟ್ಟು ಹೇಳುತ್ತಿದ್ದೇನೆ. ತೊಂದರೆ ಇದ್ದರೂ ಕೂರುತ್ತೇನೆ, ಅದನ್ನೂ ಬಾಯಿಬಿಟ್ಟೇ ಹೇಳುತ್ತಿದ್ದೇನೆ. ನಿಮಗೆ ಏಳು ಆಗದಿದ್ದರೆ ನೀವೂ ಹಾಗೆಯೇ ಹೇಳಬೇಕು. ಮುಚ್ಚಿಟ್ಟರೆ ನಾನು ಎದ್ದು ಹೋಗಿಬಿಡುತ್ತೇನೆ.

ಹಾಡು ಬೇಗ ಮುಗಿಸಿ. ಆ ಬೆಂಚು ಒಳ್ಳೆಯದಲ್ಲ, ಬೆನ್ನಿಗೆ ಒತ್ತುತ್ತದೆ.

ಈ ಕಾಗದ ತಲುಪಿದ ದಿನವೇ ಚಾಪೆ ಹಾಸಿ. ಅದು ಯಾವ ದಿನ ತಲುಪುತ್ತದೋ ನನಗೆ ಇಲ್ಲಿ ತಿಳಿಯುವುದಿಲ್ಲವಲ್ಲ, ಹಾಗಾಗಿ ನಾನು ಇವತ್ತಿನಿಂದಲೇ ಕೂರುತ್ತೇನೆ.

ನಿಮ್ಮ,
ಫ್ಯೂಸ್